ಕಿವಿಗೆ ಬಿದ್ದ ಮಾತು

ಲಿಕ್ ಫೋರ್ಕ್, ಕೆಂಟಕಿ
29 ಆಗಸ್ಟ್ 2010

ಮಗಳೇ ಶೆಲ್ಬಿ,

ನಿನ್ನ ಗಾಡಿ ತೊರೆಯ ತಿರುವು ದಾಟಿದ ಮೇಲೂ ನಾನು ಅಂಗಳದಲ್ಲೇ ನಿಂತಿದ್ದೆ. ನಿನ್ನ ಲವೆಲ್ ಮಾವ ಮೆಟ್ಟಿಲ ಮೇಲೆ ಕೂತು ಆಡಿಕೊಂಡ: "ಮಗಳು ಯುದ್ಧಕ್ಕೆ ಹೋಗೋವಾಗ ಕಲ್ಲಿನ ಹಾಗೆ ನಿಂತಿದ್ದೆ, ಕಾಲೇಜಿಗೆ ಹೋಗ್ತಾಳೆ ಅಂತ ಅಳ್ತೀಯಲ್ಲೇ ಓಪಲ್." ಅವನಿಗೇನು ಗೊತ್ತು. ಆಗಲೂ ಅತ್ತಿದ್ದೆ, ಕೆಲಸದ ಹೊತ್ತಿನಲ್ಲಿ, ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ, ಯಂತ್ರಗಳ ಸದ್ದಿನ ಮಧ್ಯೆ. ಅಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಫೋನಿನಲ್ಲಿ ನೀನು ಮಾತಾಡುವುದಿಲ್ಲ, ಬರೀ ಉಸಿರಾಡುತ್ತೀಯ. ಇರಾಕಿನಲ್ಲಿದ್ದಾಗ ಪತ್ರದಲ್ಲಾದರೂ ಮಾತಾಡುತ್ತಿದ್ದೆ. ಅದಕ್ಕೇ ಮತ್ತೆ ಪತ್ರ ಹಿಡಿದಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನನ್ನಮ್ಮ ಹಾಸಿಗೆ ಹಿಡಿದಳು, ತಮ್ಮಂದಿರ ಮೂಗು ಒರೆಸಲು ನನ್ನನ್ನು ಶಾಲೆ ಬಿಡಿಸಿದರು. ಅಲ್ಲಿಗೆ ಮುಗಿಯಿತು.

ನಿನ್ನ ಕೋಣೆಯ ಬಾಗಿಲಿಗೆ ಚಿಲಕ ಗಟ್ಟಿ ಇದೆಯೋ? ಊಟ? ಕ್ಲಾಸಿನಲ್ಲಿ ಹಿಂದಿನ ಸಾಲಿನಲ್ಲಿ ಗೋಡೆಗೆ ಬೆನ್ನು ಹಚ್ಚಿ, ಬಾಗಿಲ ಮೇಲೆ ಕಣ್ಣಿಟ್ಟು ಕೂರುತ್ತೀಯೇನೋ. ಕೂರು, ಬೇಡ ಎನ್ನುವುದಿಲ್ಲ. ಆದರೆ ಮೇಷ್ಟ್ರು ಮುಂದೆ ಬಾ ಎಂದರೆ ಎದುರಾಡಬೇಡ. ಲವೆಲ್ ಮಾವನೂ ವಿಯೆಟ್ನಾಮಿನಿಂದ ಬಂದ ಮೇಲೆ ನಿನ್ನ ಹಾಗೇ ಸರ್ಕಾರದ ಖರ್ಚಿನಲ್ಲಿ ಕಾಲೇಜಿಗೆ ಸೇರಿದ್ದ. ಕ್ರಿಸ್‌ಮಸ್ಸಿಗೆ ಮನೆಗೆ ಬಂದವನು ವಾಪಸ್ ಹೋಗಲೇ ಇಲ್ಲ. ಯಾಕೆ ಅಂತ ನಾವು ಕೇಳಲಿಲ್ಲ, ಅವನು ಹೇಳಲಿಲ್ಲ. ನೀನು ಹಾಗೆ ಮಾಡಬೇಡ.

ಇನ್ನೊಂದೇ ಮಾತು. ಎರಡು ಸಲ ಆ ಮರಳುಗಾಡಿಗೆ ಹೋಗಿ ಲಾರಿ ಓಡಿಸಿ ಬಂದಿದ್ದು ಸಾಕು. ತಿಂಗಳಿಗೊಮ್ಮೆ ಗಾರ್ಡಿನ ಮೀಸಲು ಪಡೆಯ ಕವಾಯತಿಗೆ ಹೋಗಬೇಕು ಎನ್ನುತ್ತೀ, ಅದು ಮುಗಿಯುವವರೆಗೆ ಹೋಗು, ಬೇರೆ ದಾರಿಯಿಲ್ಲ. ಆದರೆ ಮತ್ತೆ ನೀನಾಗಿ ಹೆಸರು ಕೊಟ್ಟು ಹೊರದೇಶಕ್ಕೆ ಹೋಗುವುದಿಲ್ಲ ಎಂದು ನನಗೆ ಮಾತು ಕೊಡು. ಎಕ್ಸ್-ರೇ ಕೆಲಸ ಕಲಿ. ನಮ್ಮ ಜಿಲ್ಲಾ ಆಸ್ಪತ್ರೆಗೆ ಸೇರು. ಮನೆಗೆ ಬಾ.

ನಿನ್ನ
ಅಮ್ಮ


ಮಾರ್ಬರಿ
19 ಸೆಪ್ಟೆಂಬರ್ 2010

ಅಮ್ಮಾ,

ಚಿಲಕ ಗಟ್ಟಿ ಇದೆ. ಊಟ ಆಗುತ್ತಿದೆ. ಹಿಂದಿನ ಸಾಲು ಸಿಕ್ಕಿದೆ, ಗೋಡೆಯೂ ಸಿಕ್ಕಿದೆ.

ನನ್ನ ಪಕ್ಕ ಕೂರುವ ಹುಡುಗ ಮೊನ್ನೆ ಕೇಳಿದ: "ನೀವು ಯಾರನ್ನಾದ್ರೂ ಕೊಂದಿದ್ದೀರಾ?" ಬಾಯಲ್ಲಿ ಆಲೂಗಡ್ಡೆ ಚಿಪ್ಸು. "ಇನ್ನೂ ಇಲ್ಲ, ಸೆಮಿಸ್ಟರ್ ಈಗ ತಾನೇ ಶುರುವಾಗಿದೆ" ಅಂದೆ. ಈಗ ಅವನು ಎರಡು ಕುರ್ಚಿ ಬಿಟ್ಟು ಕೂರುತ್ತಾನೆ.

ಮಾಜಿ ಸೈನಿಕರಿಗೆಂದೇ ಇಲ್ಲಿ ಒಂದು ಕೋಣೆ ಇದೆ. ಮೊದಲು ಮುರಿದ ಕುರ್ಚಿಗಳನ್ನು ಇಡುತ್ತಿದ್ದರಂತೆ. ಈಗ ಒಂದು ಸೋಫಾ, ಒಂದು ಕಾಫಿ ಯಂತ್ರ, ಒಂದು ಬಾವುಟ. ನೋಡಿಕೊಳ್ಳುವವರು ಪ್ರೂಯಿಟ್ ಎಂಬುವರು. ಒಳ್ಳೆಯವರು. ಸೈನ್ಯದ ಮೆಟ್ಟಿಲು ಹತ್ತಿದವರಲ್ಲ, ಆದರೆ ನಮ್ಮ ಮಾತುಗಳನ್ನೆಲ್ಲ ಕಲಿತಿದ್ದಾರೆ. ಊಟಕ್ಕೆ ಹೋಗೋಣ ಎನ್ನುವುದಕ್ಕೂ "ಹೊರಡು, ಪಡೆ!" ಎನ್ನುತ್ತಾರೆ. ಮೊದಲ ದಿನ ನನ್ನನ್ನು ಬಾಗಿಲಲ್ಲಿ ನೋಡಿ, "ನಿಮ್ಮ ಯಜಮಾನರು ಯಾವ ತುಕಡಿಯಲ್ಲಿದ್ರು?" ಎಂದು ಕೇಳಿದರು.

ಎಕ್ಸ್-ರೇ ಯಾಕೆ ಎಂದು ಮಾವ ಕೇಳುತ್ತಿದ್ದನಲ್ಲ. "ಉಸಿರು ಹಿಡಿ, ಅಲ್ಲಾಡಬೇಡ" ಎಂದು ಸೈನ್ಯದಲ್ಲಿ ಇಷ್ಟು ವರ್ಷ ಹೇಳಿಸಿಕೊಂಡೆ. ಇನ್ನು ಹೇಳುವವಳು ನಾನಾಗುತ್ತೇನೆ ಎಂದು ಹೇಳು.

ನೀನು ಕೊನೆಯಲ್ಲಿ ಕೇಳಿದ ಮಾತಿಗೆ: ರಾಜರ್, ಅಮ್ಮ.

ಶೆಲ್ಬಿ


ಲಿಕ್ ಫೋರ್ಕ್
3 ಅಕ್ಟೋಬರ್ 2010

ಮಗಳೇ,

ನಿನ್ನ ಪತ್ರವನ್ನು ಕೆಲಸದ ಬಟ್ಟೆಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿ, ಮರೆತು ಒಗೆಯುವ ಯಂತ್ರಕ್ಕೆ ಹಾಕಿಬಿಡುತ್ತೇನೇನೋ ಎಂದು ಹೆದರಿ ಈಗ ಡಬ್ಬಿಯಲ್ಲಿಟ್ಟಿದ್ದೇನೆ. ನಿಮ್ಮ ಸೈನ್ಯದ ಭಾಷೆಯಲ್ಲೇ ಮಾತು ಕೊಟ್ಟೆಯಲ್ಲ, ಅಷ್ಟು ಸಾಕು. ಚರ್ಚಿನಲ್ಲಿ ಎಲ್ಲರ ಮುಂದೆ ಎದ್ದು ನಿಂತು ಹೇಳಿದೆ, "ನನ್ನ ಮಗಳು ಇನ್ನು ಹೋಗಲ್ಲ ಅಂತ ಬರೆದಿದ್ದಾಳೆ" ಅಂತ. ಹೆಂಗಸರು ಕೈ ಹಿಡಿದುಕೊಂಡರು.

ಲವೆಲ್‌ಗೂ ಓದಿ ತೋರಿಸಿದೆ. ಅವನು ನಕ್ಕ. "ರಾಜರ್ ಅಂದ್ಲಾ? ಹಾಗಾದ್ರೆ ಸರಿ ಬಿಡು." ಅವನ ಆ ನಗು ನನಗೆ ಹಿಡಿಸಲಿಲ್ಲ. "ಏನೋ ಅದು ನಗು?" ಎಂದರೆ, "ಏನಿಲ್ಲ, ಬೀನ್ಸ್ ಬಡಿಸು" ಎಂದ.

ಆ ಹುಡುಗನಿಗೆ ಹಾಗೆ ಹೇಳಬಾರದಿತ್ತು. ಅವನು ಆಫೀಸಿಗೆ ದೂರು ಕೊಟ್ಟರೆ? ನಾನು ಇದನ್ನೇ ನೆನೆದು ಎರಡು ದಿನ ರೊಟ್ಟಿ ಸುಟ್ಟೆ. ಪ್ರೂಯಿಟ್ ಅವರ ಜೊತೆ ಚೆನ್ನಾಗಿರು. ಅಂಥವರೊಬ್ಬರು ಮಾವನಿಗೆ ಸಿಕ್ಕಿರಲಿಲ್ಲ.

ಸೇಬಿನ ಮುರಬ್ಬ ಕಳಿಸಿದ್ದೇನೆ. ಬಾಟಲಿ ಒಡೆದಿದ್ದರೆ ತಿನ್ನಬೇಡ, ಗಾಜಿನ ಚೂರು ಕಣ್ಣಿಗೆ ಕಾಣುವುದಿಲ್ಲ.

ಅಮ್ಮ


ಮಾರ್ಬರಿ
14 ನವೆಂಬರ್ 2010

ಅಮ್ಮಾ,

ಬಾಟಲಿ ಒಡೆದಿರಲಿಲ್ಲ.

ಇಲ್ಲಿ ಮೊನ್ನೆ ಮಾಜಿ ಸೈನಿಕರ ದಿನ ಮಾಡಿದರು. ಕೇಕು, ಭಾಷಣ, ಬ್ಯಾಂಡು. ಈ ಪತ್ರದ ಜೊತೆಗಿರುವ ಹೂವನ್ನು ಅಲ್ಲೇ ಕೊಟ್ಟರು. ನಿನಗೆ ಕಳಿಸುತ್ತಿದ್ದೇನೆ. ನನ್ನ ಫೋಟೊ ತೆಗೆದುಕೊಂಡಿದ್ದಾರೆ, ಹೆದ್ದಾರಿ ಪಕ್ಕದ ದೊಡ್ಡ ಜಾಹೀರಾತು ಹಲಗೆಗೆ ಹಾಕುತ್ತಾರಂತೆ.

ಟರ್ಕಿ ಕೋಳಿಯ ಹಬ್ಬದ ಊಟಕ್ಕೆ ಬರುವುದು ಆಗಲಿಕ್ಕಿಲ್ಲ. ಓದು ಇದೆ.

ಶೆಲ್ಬಿ


ಲಿಕ್ ಫೋರ್ಕ್
28 ನವೆಂಬರ್ 2010

ಮಗಳೇ,

ಹೂವನ್ನು ಬೈಬಲ್ಲಿನ ನಡುವೆ ಇಟ್ಟು ಒಣಗಿಸಿದ್ದೇನೆ. ಕೆಲಸದಲ್ಲಿ ಎಲ್ಲರಿಗೂ ತೋರಿಸಿದೆ. ಸರ್ಕಾರದವರು ಎಲ್ಲಿ ಕೊಡುತ್ತಾರೆ ಇಂಥದ್ದನ್ನು, ಕಾಲೇಜಿನವರು ಕೊಟ್ಟರು ನೋಡಿ ಎಂದೆ.

ಹಬ್ಬದ ದಿನ ನಿನ್ನ ತಟ್ಟೆ ಇಟ್ಟಿದ್ದೆ. ಲವೆಲ್ ಬಹಳ ಹೊತ್ತು ಟರ್ಕಿ ಕೊಯ್ಯದೇ ಕೂತಿದ್ದ. ಆಮೇಲೆ "ಓದು ಇದೆಯಂತಾ? ನಂಗೂ ಇತ್ತು" ಅಂದು ಚಾಕು ತೆಗೆದುಕೊಂಡ. ಇದರ ಅರ್ಥವೇನು ಎಂದು ಆಗಿನಿಂದ ಯೋಚಿಸುತ್ತಿದ್ದೇನೆ. ನಿನಗೆ ಅಲ್ಲಿ ಏನೂ ಆಗಿಲ್ಲ ತಾನೇ? ನಿದ್ದೆ ಬರುತ್ತದೆಯೇ? ನೀನು ಪತ್ರ ಚಿಕ್ಕದಾಗಿ ಬರೆದರೆ ನನಗೆ ದೊಡ್ಡ ಭಯವಾಗುತ್ತದೆ.

ಅಮ್ಮ


ಮಾರ್ಬರಿ
6 ಫೆಬ್ರವರಿ 2011

ಅಮ್ಮಾ,

ದೊಡ್ಡ ಪತ್ರ ಬೇಕೆಂದೆಯಲ್ಲ. ತೆಗೆದುಕೋ.

ಮೊದಲ ಸೆಮಿಸ್ಟರಿನಲ್ಲಿ ಎಲ್ಲದರಲ್ಲೂ ಎ ಬಂದಿದೆ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಈಗ ಅನಾಟಮಿ, ಮೈಯ ರಚನೆಯ ಪಾಠ, ಶುರುವಾಗಿದೆ. ಹಾಲ್ಕಂ ಎಂಬ ಮುದುಕ ಮೇಷ್ಟ್ರು, ಒಂದು ಪೆಟ್ಟಿಗೆ ತುಂಬ ಮೂಳೆ ತಂದು ಮೇಜಿನ ಮೇಲೆ ಸುರಿದು, "ಇವನನ್ನ ಜೋಡಿಸಿ, ಪಾಪ ಮನೆಗೆ ಹೋಗ್ಬೇಕಂತೆ" ಎನ್ನುತ್ತಾರೆ. ಅಂಗೈಯಲ್ಲಿ ಇಷ್ಟೊಂದು ಚಿಕ್ಕ ಮೂಳೆಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಕಣ್ಣು ಮುಚ್ಚಿ ಬರೀ ಮುಟ್ಟಿ ಹೆಸರು ಹೇಳಬಲ್ಲೆ. ಬಹಳ ದಿನದ ಮೇಲೆ, ಅಮ್ಮ, ಒಂದು ಕೆಲಸ ಮಾಡುವಾಗ ಬಾಗಿಲ ಕಡೆ ನೋಡುವುದನ್ನು ಮರೆತೆ.

ಎಕ್ಸ್-ರೇ ವಿಭಾಗಕ್ಕೆ ವರ್ಷಕ್ಕೆ ಕೆಲವೇ ಜನರನ್ನು ತೆಗೆದುಕೊಳ್ಳುತ್ತಾರೆ. ನನಗೆ ಸೀಟು ಇಟ್ಟಿದ್ದಾರೆ. ಈ ಅನಾಟಮಿ ಮೇ ತಿಂಗಳಲ್ಲಿ ಪಾಸಾಗಬೇಕು, ಅದೊಂದೇ ಷರತ್ತು. ಆಗದಿದ್ದರೆ ಸೀಟು ಬೇರೆಯವರಿಗೆ.

ಹೂವಿನ ವಿಷಯ. ನೀನು ಅದನ್ನು ಬೈಬಲ್ಲಿನಲ್ಲಿ ಇಟ್ಟಿರುವೆ ಎಂದು ಓದಿದಾಗಿನಿಂದ ಹೇಳಲೋ ಬೇಡವೋ ಎಂದು ಇದ್ದೆ. ಆ ದಿನ ಸೈನಿಕರಿಗೆ ಕೊಟ್ಟದ್ದು ಪದಕದಂಥ ಪಿನ್ನು. ಹೂವು ಕೊಟ್ಟದ್ದು ಸೈನಿಕರ ಹೆಂಡತಿಯರಿಗೆ. ಬುಟ್ಟಿ ಹಿಡಿದ ಹೆಂಗಸು ನನ್ನ ಕೈಗೆ ಹೂವಿಟ್ಟು, "ಅವರನ್ನ ಮನೇಲಿ ಚೆನ್ನಾಗಿ ನೋಡ್ಕೊಳ್ಳಮ್ಮ" ಎಂದಳು. ನಾನು ಥ್ಯಾಂಕ್ಸ್ ಹೇಳಿದೆ. ಆಮೇಲೆ ನನ್ನನ್ನು ವೇದಿಕೆ ಮೇಲೆ ಕರೆದು ಫೋಟೊ ತೆಗೆದರು. ಕೈಯಲ್ಲಿ ಹೂವು ಹಿಡಿದೇ ನಿಂತಿದ್ದೇನೆ. ಹೆದ್ದಾರಿಯ ಹಲಗೆಯಲ್ಲಿ ಈಗ ಹಾಗೇ ಇದ್ದೇನೆ. ಕೆಳಗೆ ಬರೆದಿದೆ: "ನಾವು ಅವರನ್ನು ಗುರುತಿಸುತ್ತೇವೆ."

ಬಿಸಾಡಬೇಡ. ಹೂವಿನದೇನು ತಪ್ಪು.

ಶೆಲ್ಬಿ


ಲಿಕ್ ಫೋರ್ಕ್
1 ಮೇ 2011

ಮಾನ್ಯ ಪ್ರೂಯಿಟ್ ಸಾಹೇಬರಿಗೆ,

ನಾನು ಶೆಲ್ಬಿ ಸ್ಟ್ಯಾಂಪರ್‌ಳ ತಾಯಿ. ನಾನು ಬರೆದಿದ್ದೇನೆಂದು ದಯವಿಟ್ಟು ಅವಳಿಗೆ ಹೇಳಬೇಡಿ, ಅವಳಿಗೆ ಸಿಟ್ಟು ಬರುತ್ತದೆ.

ನದಿ ಏರಿದೆ ಎಂದು ಅವಳ ಗಾರ್ಡು ತುಕಡಿಯನ್ನು ಕರೆಸಿಕೊಂಡಿದ್ದಾರೆ. ನಿಮಗೆ ತಿಳಿದೇ ಇರುತ್ತದೆ. ಮೊನ್ನೆ ದಾರಿಯಲ್ಲಿ ಎಲ್ಲಿಂದಲೋ ಫೋನು ಮಾಡಿದ್ದಳು, ಹಿಂದೆ ಲಾರಿಗಳ ಸದ್ದು. "ಮರಳಿನ ಮೂಟೆ ಹೊರ್ತಿದ್ದೀವಿ ಅಮ್ಮ, ಬಿಡು" ಎಂದಳು. ಪರೀಕ್ಷೆಯ ಗತಿಯೇನೇ ಎಂದರೆ "ನೋಡೋಣ" ಎಂದಳು. ಅವಳ ನೋಡೋಣ ನನಗೆ ಗೊತ್ತು ಸಾಹೇಬರೇ. ಟಿವಿಯಲ್ಲಿ ನೀರು ತೋರಿಸುತ್ತಾರೆ, ನಾನು ಅವಳ ಮುಖ ಹುಡುಕುತ್ತೇನೆ.

ಕ್ಲಾಸು ತಪ್ಪಿದ್ದಕ್ಕೆ ಅವಳನ್ನು ಫೇಲು ಮಾಡಿಬಿಡುತ್ತಾರೇನೋ ಎಂದು ನನಗೆ ಜೀವವೇ ಹೋಗುತ್ತಿದೆ. ಅವಳು ಎಲ್ಲ ತಡೆದುಕೊಂಡಿದ್ದಾಳೆ, ಆದರೆ ಫೇಲು ಎಂದು ಬರೆದದ್ದನ್ನು ತಡೆಯಲಾರಳು. ನನ್ನ ಅಣ್ಣನಿಗೂ ಹಾಗೇ ಏನೋ ಆಗಿತ್ತು, ಅವನು ಮತ್ತೆ ಪುಸ್ತಕ ಮುಟ್ಟಲಿಲ್ಲ. ನೀವು ಅವಳಿಗೆ ಬೇಕಾದವರು ಎಂದು ಬರೆದಿದ್ದಳು. ಹೇಗಾದರೂ ಮಾಡಿ ಆ ಒಂದು ಪದ ಅವಳ ಹೆಸರಿನ ಮುಂದೆ ಬರದ ಹಾಗೆ ನೋಡಿಕೊಳ್ಳಿ. ಹೇಗೆ ಎಂದು ನನಗೆ ಗೊತ್ತಿಲ್ಲ, ನಾನು ಓದಿದವಳಲ್ಲ. ನೀವು ಓದಿದವರು.

ತಪ್ಪಿದ್ದರೆ ಕ್ಷಮಿಸಿ.

ಓಪಲ್ ಸ್ಟ್ಯಾಂಪರ್


ಮಾಜಿ ಸೈನಿಕರ ನೆರವು ಕೇಂದ್ರ, ಮಾರ್ಬರಿ
11 ಮೇ 2011

ಮಾನ್ಯ ಶ್ರೀಮತಿ ಸ್ಟ್ಯಾಂಪರ್ ಅವರಿಗೆ,

ತಮ್ಮ ಪತ್ರ ನನ್ನ ಮನಸ್ಸನ್ನು ತಟ್ಟಿತು. ದೇಶಕ್ಕೆ ಇಂಥ ಮಗಳನ್ನು ಕೊಟ್ಟ ತಮಗೆ ನಮ್ಮ ಕಾಲೇಜು ಋಣಿ.

ತಾವು ಇನ್ನು ಚಿಂತಿಸುವ ಅಗತ್ಯವಿಲ್ಲ ಎಂದು ತಿಳಿಸಲು ಸಂತೋಷವಾಗುತ್ತದೆ. ಶೆಲ್ಬಿ ಕರ್ತವ್ಯದಲ್ಲಿದ್ದಾಗಲೇ ನಾನು ಫೋನಿನಲ್ಲಿ ಅವರನ್ನು ಸಂಪರ್ಕಿಸಿದೆ. ಅನಾಟಮಿಯಿಂದ ಅವರ ಹೆಸರನ್ನು ಹಿಂತೆಗೆದುಕೊಂಡರೆ ಫೇಲು ಎಂದು ದಾಖಲಾಗುವುದಿಲ್ಲ ಎಂಬುದನ್ನು ವಿವರಿಸಿದೆ. ಸಾಮಾನ್ಯ ವಿದ್ಯಾರ್ಥಿಗಳು ಇದಕ್ಕೆ ಖುದ್ದಾಗಿ ಬಂದು ಸಹಿ ಮಾಡಬೇಕು. ಆದರೆ ನಮ್ಮ ಯೋಧರಿಗೆಂದೇ ಈ ವರ್ಷ ನಿಯಮ ಸಡಿಲಿಸಿ, ಬಾಯಿಮಾತಿನ ಒಪ್ಪಿಗೆ ಸಾಕು ಎಂದು ಮಾಡಿಸಿದ್ದೇನೆ. ಶೆಲ್ಬಿ ಸೈನಿಕರ ಭಾಷೆಯಲ್ಲೇ, ಸ್ಪಷ್ಟವಾಗಿ "ರಾಜರ್" ಎಂದು ಒಪ್ಪಿಗೆ ಕೊಟ್ಟರು. ಅದೇ ದಿನ ಹೆಸರು ತೆಗೆಸಿದೆ.

ಅವರ ದಾಖಲೆಯಲ್ಲಿ ಈಗ ಒಂದು ಕಲೆಯೂ ಇಲ್ಲ. ತಾವು ನೆಮ್ಮದಿಯಿಂದಿರಬಹುದು.

ವಿಶ್ವಾಸಿ,
ಪ್ರೂಯಿಟ್


ಲಿಕ್ ಫೋರ್ಕ್
22 ಮೇ 2011

ಮಗಳೇ,

ನದಿ ಇಳಿಯಿತು ಎಂದು ಟಿವಿಯಲ್ಲಿ ಹೇಳಿದರು. ನೀನು ಕಾಲೇಜಿಗೆ ವಾಪಸ್ ಬಂದಿರಬೇಕು. ಪತ್ರವಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಕಾಲಿಗೆ ಏನಾದರೂ ಚುಚ್ಚಿತೋ? ಪ್ರವಾಹದ ನೀರಿನಲ್ಲಿ ಏನೇನಿರುತ್ತದೋ.

ಒಂದು ಗೆರೆ ಬರಿ. ಬೈದಾದರೂ ಬರಿ.

ಅಮ್ಮ


ಮಾರ್ಬರಿ
19 ಜೂನ್ 2011

ಅಮ್ಮಾ,

ಕಾಲಿಗೆ ಏನೂ ಚುಚ್ಚಿಲ್ಲ.

ಪರೀಕ್ಷೆಯ ಹಿಂದಿನ ದಿನ ನಮ್ಮನ್ನು ಡ್ಯೂಟಿಯಿಂದ ಬಿಟ್ಟರು. ಹಾಲ್ಕಂ ಮೇಷ್ಟ್ರಿಗೆ ನಾನು ಹೊರಡುವ ಮೊದಲೇ ಹೇಳಿದ್ದೆ. "ಹೋಗಿ ಮೂಟೆ ಹೊತ್ತು ಬಾ, ಮೂಳೆಗಳೆಲ್ಲೂ ಓಡಿಹೋಗಲ್ಲ, ಪರೀಕ್ಷೆಗೆ ಬಂದ್ರೆ ಸಾಕು" ಎಂದಿದ್ದರು. ಲಾರಿಯ ಕ್ಯಾಬಿನ್ನಿನಲ್ಲಿ ಓದಿದ್ದೆ. ಪುಸ್ತಕದ ತುಂಬ ಕೆಸರು. ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಪೆನ್ಸಿಲು ಚೂಪು ಮಾಡಿ ಹೋಗಿ ಕೂತೆ.

ಹಾಜರಿ ಕರೆದರು. ನನ್ನ ಹೆಸರು ಬರಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ನೀನು ಬಿಟ್ಟೆ ಅಂತ ಬಂತಲ್ಲಮ್ಮ. ನಾನೂ ನಂಬಲಿಲ್ಲ." ಪ್ರಶ್ನೆಪತ್ರಿಕೆ ಕೊಡಲು ಅವರಿಗೆ ಅಧಿಕಾರವಿಲ್ಲ. ನಾನು ಆಫೀಸಿನಿಂದ ಆಫೀಸಿಗೆ ಅಲೆದೆ. ತೆಗೆದ ಹೆಸರನ್ನು ಮತ್ತೆ ಸೇರಿಸುವ ನಿಯಮ ಮಾತ್ರ ಅವರಲ್ಲಿ ಇಲ್ಲವಂತೆ. ನಮ್ಮ ಸೈನ್ಯದಲ್ಲಿ, ಅಮ್ಮ, ಶ್ರದ್ಧಾಂಜಲಿಯ ಹಾಜರಿಯಲ್ಲಿ ಸತ್ತವನ ಹೆಸರನ್ನೂ ಮೂರು ಸಲ ಕೂಗುತ್ತಾರೆ, ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ. ಇಲ್ಲಿ ಬದುಕಿ ಎದುರಿಗೆ ಕೂತವಳ ಹೆಸರನ್ನು ಒಂದು ಸಲವೂ ಕರೆಯಲಿಲ್ಲ.

ಸೀಟು ಬೇರೆಯವರಿಗೆ ಹೋಯಿತು.

ಪ್ರೂಯಿಟ್ ಹತ್ತಿರ ಹೋದೆ. ಅವರ ಮುಖ ಬಿಳಿಚಿತು. "ನೀವೇ ರಾಜರ್ ಅಂದ್ರಲ್ಲ ಶೆಲ್ಬಿ? ನಾನು ಅಷ್ಟು ವಿವರವಾಗಿ ಹೇಳಿದೆ, ನೀವು ರಾಜರ್ ಅಂದ್ರಿ." ಹೌದು, ಅಂದೆ. ಒಂದು ಹೆಗಲ ಮೇಲೆ ಮೂಟೆಯಿತ್ತು, ಫೋನು ಕಿವಿಗೂ ಇನ್ನೊಂದು ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು. ಅವರು ಒಂದು ದಾರಿ ಹೇಳುತ್ತಿದ್ದಾರೆ, ವಾಪಸ್ ಹೋಗಿ ಬೇಡ ಎಂದರಾಯಿತು ಎಂದುಕೊಂಡೆ. ರಾಜರ್ ಎಂದರೆ ಒಪ್ಪಿದೆ ಎಂದಲ್ಲ. ನಿನ್ನ ಮಾತು ನನ್ನ ಕಿವಿಗೆ ಬಿತ್ತು ಎಂದು, ಅಷ್ಟೇ. ಬ್ಯಾರಕ್ಕಿನಲ್ಲಿ ಜನ ಅದನ್ನು ಹೂಂ ಎನ್ನುವುದಕ್ಕೂ ಬಳಸುತ್ತಾರೆ. ಆದರೆ ನಾನು ರೇಡಿಯೊ ಹಿಡಿದು ಲಾರಿ ಓಡಿಸಿದವಳು. ಅಲ್ಲಿ ಕಿವಿಗೆ ಬಿತ್ತು ಎನ್ನುವುದನ್ನೂ ಮಾಡುತ್ತೇನೆ ಎನ್ನುವುದನ್ನೂ ಬೆರೆಸಿದರೆ ಜನ ಸಾಯುತ್ತಾರೆ. ಮಾಡುತ್ತೇನೆ ಎನ್ನಲು ಬೇರೆ ಪದವೇ ಇದೆ. ವಿಲ್ಕೋ. ಅದನ್ನು ನಾನು ಅವರಿಗೆ ಹೇಳಲಿಲ್ಲ.

ನಿನಗೂ ಹೇಳಿರಲಿಲ್ಲ. ನನ್ನ ಸೆಪ್ಟೆಂಬರ್ ಪತ್ರ ಇನ್ನೂ ಡಬ್ಬಿಯಲ್ಲಿದ್ದರೆ ತೆಗೆದು ನೋಡು. ನೀನು ಚರ್ಚಿನಲ್ಲಿ ಎದ್ದು ನಿಂತೆ ಎಂದು ಬರೆದಾಗ ತಿದ್ದಬೇಕಿತ್ತು. ಕೈ ಬರಲಿಲ್ಲ. ಆಗ ಹೋಗುವ ಮನಸ್ಸೂ ಇರಲಿಲ್ಲ, ಹೋಗುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ.

ಪ್ರೂಯಿಟ್ ಕೊನೆಗೆ ಅತ್ತೇಬಿಡುವ ಹಾಗಾದರು. "ನಿಮ್ಮ ತಾಯಿ ಅಷ್ಟು ಬೇಡಿಕೊಂಡು ಬರೆದಿದ್ರು" ಎಂದರು. ಮೇಜಿನ ಮೇಲಿದ್ದ ನಿನ್ನ ಅಕ್ಷರ ನನಗೆ ದೂರದಿಂದಲೇ ಗೊತ್ತಾಯಿತು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ನಮ್ಮ ತುಕಡಿಯಿಂದ ಅಫ್ಘಾನಿಸ್ತಾನಕ್ಕೆ ಲಾರಿ ಓಡಿಸುವವರು ಬೇಕಾಗಿದ್ದಾರೆ. ಹೆಸರು ಕೊಟ್ಟಿದ್ದೇನೆ. ಆಗಸ್ಟಿನಲ್ಲಿ ಹೊರಡುತ್ತೇವೆ. ಅನಾಟಮಿ ಮುಂದಿನ ವರ್ಷವೂ ಇರುತ್ತದೆ ಎನ್ನಬೇಡ. ಇರುತ್ತದೆ, ನನಗೂ ಗೊತ್ತು.

ಮನೆಗೆ ಬಂದು ಹೋಗುವುದಿಲ್ಲ. ನೀನು ಅಂಗಳದಲ್ಲಿ ನಿಲ್ಲುವುದು ಬೇಡ. ಮತ್ತೆ ಒಂದು ಮಾತು, ಸಿಟ್ಟಿನಿಂದಲ್ಲ: ನಾನು ಅಲ್ಲಿರುವಾಗ ಯಾರಿಗೂ ಪತ್ರ ಬರೆಯಬೇಡ. ತುಕಡಿಯ ದೊಡ್ಡವರಿಗೂ ಬೇಡ, ಪ್ರೂಯಿಟ್‌ಗೂ ಬೇಡ, ನನಗೂ ಬೇಡ. ನಿನ್ನ ಪತ್ರ ಬಂದರೆ ನನಗೆ ನೀನು ಹೆದರುವುದೆಲ್ಲ ಕಾಣುತ್ತದೆ. ಅಲ್ಲಿ ಅದನ್ನು ಹೊರಲಾರೆ.

ಶೆಲ್ಬಿ


ಲಿಕ್ ಫೋರ್ಕ್
10 ಜುಲೈ 2011

ಮಗಳೇ ಶೆಲ್ಬಿ,

ಇದನ್ನು ಮೂರು ಸಲ ಬರೆದು ಹರಿದೆ. ಮೊದಲ ಮೂರರಲ್ಲೂ ಆ ಸಾಹೇಬರಿಗೆ ಬರೆದ ವಿಷಯ ಬರುತ್ತಿತ್ತು. ಇದರಲ್ಲಿ ಬರುವುದಿಲ್ಲ. ನೀನು ಹೇಳುವುದಿಲ್ಲ ಎಂದೆ, ನಾನೂ ಹೇಳುವುದಿಲ್ಲ.

ಸೆಪ್ಟೆಂಬರಿನ ಪತ್ರ ಡಬ್ಬಿಯಲ್ಲೇ ಇತ್ತು. ಲವೆಲ್‌ಗೆ ತೋರಿಸಿ, "ನಿಂಗೆ ಆವತ್ತೇ ಗೊತ್ತಿತ್ತಲ್ಲೋ, ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ಚರ್ಚಿಂದ ನಗ್ತಾ ಬಂದೆಯಲ್ಲ ಓಪಲ್. ನೀನು ನಕ್ಕು ಎಷ್ಟು ದಿನ ಆಗಿತ್ತು" ಎಂದ. ಆಮೇಲೆ ಹಿತ್ತಲಿಗೆ ಹೋಗಿ ಸೌದೆ ಸೀಳಿದ. ಈ ಬಿಸಿಲಿನಲ್ಲಿ ಸೌದೆ ಯಾರಿಗೆ ಬೇಕು.

ಕಳೆದ ವಾರ ಕೆಲಸದ ಹೆಂಗಸೊಬ್ಬಳು ಆ ಹೆದ್ದಾರಿಯಲ್ಲಿ ಬಂದಳಂತೆ. "ನಿನ್ನ ಮಗಳು ಇನ್ನೂ ಇದ್ದಾಳೆ ಹಲಗೆ ಮೇಲೆ, ಹೂವು ಹಿಡಿದು ಎಷ್ಟು ಚೆಂದ ಕಾಣ್ತಾಳೆ" ಎಂದಳು. ಹೌದು ಎಂದೆ. ಮತ್ತೇನು ಹೇಳಲಿ. ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದೇನೆ, ಅವರು ಕೈ ಹಿಡಿದುಕೊಂಡರೆ ಎಂಬ ಭಯ.

ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ಕಳಿಸಿದ್ದೇನೆ. ಅಲ್ಲಿ ಬೆಟ್ಟಗಳಂತೆ, ಚಳಿಯಂತೆ, ಹೌದೋ ಅಲ್ಲವೋ. ಒದ್ದೆ ಕಾಲಿನಲ್ಲಿ ಇರಬೇಡ. ನಿನ್ನ ಕೆಸರಿನ ಪುಸ್ತಕ ಬಿಸಾಡಿದ್ದೀಯೋ ಇಟ್ಟಿದ್ದೀಯೋ ಬರೆಯಲಿಲ್ಲ. ಇಟ್ಟಿದ್ದರೆ ನನಗೆ ಕಳಿಸು. ಅಂಗೈ ಮೂಳೆಗಳ ಚಿತ್ರ ಯಾವ ಪುಟದಲ್ಲಿದೆ ಎಂದು ಗುರುತು ಹಾಕಿ ಕಳಿಸು.

ನಾನು ಏಳನೇ ಕ್ಲಾಸಿಗೆ ಬಿಟ್ಟವಳು. ಒಂದು ಪದ ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ನೀನು ಬರೆದ ಆ ಇನ್ನೊಂದು ಪದವನ್ನೂ ಜೋರಾಗಿ ಹೇಳಿ ನೋಡಿದೆ. ಅದು ನನ್ನ ನಾಲಿಗೆಗೆ ಹೊರಳುವುದಿಲ್ಲ.

ನನಗೆ ಪತ್ರ ಬರೆಯಬೇಡ ಎಂದೆಯಲ್ಲ.

ರಾಜರ್, ಮಗಳೇ.

ಅಲ್ಲಿನ ವಿಳಾಸ ಸಿಕ್ಕ ಕೂಡಲೇ ತಿಳಿಸು.

ನಿನ್ನ
ಅಮ್ಮ